ಗಗನಮಠದಲ್ಲಿ ಅಡ್ಡಬಿದ್ದವರು

ಭೂಮಿಯಿಂದ ನಾನೂರು ಕಿಲೋಮೀಟರು ಮೇಲೆ, ಬಸ್ಸು ಹೋಗದ ಜಾಗದಲ್ಲಿ, ಗಗನಮಠ ಅಂತ ಒಂದು ಮಠವಿತ್ತು. ಚಂದ್ರನಲ್ಲಿ ಅದರ ಶಾಖಾಮಠ ಒಂದು, ಮಂಗಳನಲ್ಲಿ ಎರಡು. ಮಂಗಳನಲ್ಲೂ ಮೊದಲು ಒಂದೇ ಇತ್ತು, ಅಲ್ಲಿನ ಮರಿಸ್ವಾಮಿಗಳಿಬ್ಬರು ಜಗಳವಾಡಿದ ಮೇಲೆ ಎರಡಾಯಿತು. ಎಲ್ಲಕ್ಕೂ ಮೂಲಮಠ ಇದೇ. ದೊಡ್ಡ ತಗಡಿನ ಹಂಡೆಯ ಹಾಗೆ ಭೂಮಿಯನ್ನು ಸುತ್ತುತ್ತಿತ್ತು.

ಹಳೆಯ ಸ್ವಾಮಿಗಳು ಐಕ್ಯರಾದ ಮೇಲೆ ಕೆಳಗಿನಿಂದ ಹೊಸಬರು ಬಂದರು. ಹೆಸರು ನಿರಾಧಾರ ಸ್ವಾಮಿಗಳು. ಹೆಸರಿಗೆ ತಕ್ಕಂತೆ ಬಂದ ದಿನವೇ ತೇಲಿದರು. ಅಲ್ಲಿ ಯಾರಿಗೂ ತೂಕವಿಲ್ಲವಲ್ಲ, ಸ್ವಾಮಿಗಳನ್ನು ಪೀಠಕ್ಕೆ ಎರಡು ಪಟ್ಟಿ ಬಿಗಿದು ಕೂರಿಸಬೇಕಾಯಿತು. ಅದನ್ನೂ ಅವರು ಸಹಿಸಿಕೊಂಡರು.

ಸಹಿಸಲಾಗದೆ ಹೋದದ್ದು ಒಂದೇ, ಇಲ್ಲಿ ಯಾರೂ ಅವರ ಕಾಲಿಗೆ ಬೀಳುತ್ತಿರಲಿಲ್ಲ. ಕೆಳಗಿದ್ದಾಗ ಅವರು ನಡೆದ ದಾರಿಯಲ್ಲೆಲ್ಲ ಜನ ಸಾಲಾಗಿ ಬೀಳುತ್ತಿದ್ದರು. ಇಲ್ಲಿನವರೋ ತೇಲುತ್ತಲೇ ಕೈಮುಗಿಯುತ್ತಿದ್ದರು, ಕೆಲವರಂತೂ ತಲೆಕೆಳಗಾಗಿ. ವಾರವೊಂದು ಕಾದು ನೋಡಿದ ಸ್ವಾಮಿಗಳು ಅಪ್ಪಣೆ ಹೊರಡಿಸಿದರು. ನಾಳೆಯಿಂದ ಎಲ್ಲರೂ ಪದ್ಧತಿಪ್ರಕಾರ ಅಡ್ಡಬೀಳತಕ್ಕದ್ದು, ಬೀಳದವರು ಗುರುವಾರದ ಹಡಗು ಹತ್ತಿ ಭೂಮಿಗೆ ಇಳಿಯತಕ್ಕದ್ದು.

ಮರುದಿನ ಸಾಲಿನಲ್ಲಿ ಮೊದಲು ನಿಂತವಳು ಮುದ್ದೀರಮ್ಮ. ಮೂವತ್ತೆರಡು ವರ್ಷದಿಂದ ಮಠದ ಗಾಜಿನ ಕೋಣೆಯಲ್ಲಿ ಸೊಪ್ಪು ಬೆಳೆದು ಎಲ್ಲರಿಗೂ ಉಣ್ಣಿಸಿದ ಮುದುಕಿ. ಪಾಪ, ಭಕ್ತಿಯಿಂದಲೇ ಬಾಗಿದಳು. ಆದರೆ ತೂಕವಿಲ್ಲದ ಕಡೆ ತಲೆ ಕೆಳಗೆ ಹೋದರೆ ಕಾಲು ಮೇಲೆ ಬರಲೇಬೇಕು. ಮುದ್ದೀರಮ್ಮ ಲಾಗ ಹೊಡೆದಳು, ಹಿಮ್ಮಡಿ ಸ್ವಾಮಿಗಳ ರುಮಾಲಿಗೆ ತಗುಲಿತು, ರುಮಾಲು ತೇಲುತ್ತ ಹೋಗಿ ಅಡುಗೆಮನೆ ಸೇರಿತು.

ಬೇಕೆಂದೇ ಅಣಕಿಸಿದಳು ಅಂತ ಸ್ವಾಮಿಗಳು ಕೆಂಡವಾದರು. ಗುರುವಾರದ ಹಡಗಿನಲ್ಲಿ ಮೊದಲ ಹೆಸರು ಇವಳದೇ ಅಂದರು. ಅಷ್ಟು ವರ್ಷ ಮೇಲಿದ್ದವಳ ಮೂಳೆ ಬೆಂಡಾಗಿದೆ, ಭೂಮಿಗೆ ಇಳಿದರೆ ಎದ್ದು ನಿಲ್ಲುವುದೂ ಆಗದು, ಮಲಗಿದಲ್ಲೇ ಸಾಯುತ್ತಾಳೆ ಅಂತ ವೈದ್ಯರು ಹೇಳಿ ನೋಡಿದರು. ಅಪ್ಪಣೆ ಅಂದರೆ ಅಪ್ಪಣೆ ಅಂತ ಉತ್ತರ ಬಂತು. ಮುದ್ದೀರಮ್ಮ ಸೊಪ್ಪಿನ ಮಡಿಗಳ ನಡುವೆ ಹೋಗಿ ಅತ್ತಳು. ಅಲ್ಲಿ ಕಣ್ಣೀರೂ ಉದುರುವುದಿಲ್ಲ, ಕಣ್ಣಿಗೇ ಅಂಟಿಕೊಂಡು ಗುಂಡಗೆ ಕೂರುತ್ತದೆ. 

ಅವಳು ಅಳುವುದನ್ನು ನೋಡಿದವರಲ್ಲಿ ಉಗ್ರಾಣದ ಹುಚ್ಚಯ್ಯನೂ ಒಬ್ಬ. ಹೆಸರು ಮಾತ್ರ ಹುಚ್ಚಯ್ಯ, ತಲೆ ನೆಟ್ಟಗಿತ್ತು. ಬುಧವಾರ ಪೂಜೆ ಮುಗಿದು ಎಲ್ಲರೂ ಸೇರಿದ್ದಾಗ ಅವನು ಪೀಠದ ಮುಂದೆ ತೇಲಿಬಂದು ಕೈಮುಗಿದ.

"ಬುದ್ಧಿ, ಸಣ್ಣದೊಂದು ಸಂದೇಹ. ಗುರುಗಳಿಗೆ ಅಡ್ಡಬಿದ್ದೋರನ್ನ, ಅವರು ಬಿದ್ದಿರೋವಾಗಲೇ ಮಠದಿಂದ ಆಚೆ ಹಾಕಬೋದಾ?"

ಧರ್ಮಸೂಕ್ಷ್ಮ ಕೇಳಿದರೆ ಸ್ವಾಮಿಗಳಿಗೆ ಹಾಲು ಕುಡಿದಷ್ಟು ಸಂತೋಷ. ಅರ್ಧ ಗಂಟೆ ವಿವರಿಸಿದರು. ಸಾರಾಂಶ ಇಷ್ಟು: ಕೂಡದು. ಬಿದ್ದವರು ಗುರುವಿನ ಆಸರೆಯಲ್ಲಿರುತ್ತಾರೆ. ಗುರು ಬಾಯಿಬಿಟ್ಟು 'ಏಳು' ಅನ್ನುವ ತನಕ ಯಮನೂ ಅವರನ್ನು ಮುಟ್ಟುವ ಹಾಗಿಲ್ಲ. ಬಿದ್ದು ಮಂಡಿ ಕೊಡವಿಕೊಂಡು ಏಳುವವರು ಸಾಮಾನ್ಯ ಭಕ್ತರು, ಬಿದ್ದೇ ಇರುವವರು ದೊಡ್ಡವರು.

"ಎಲ್ಲರೂ ಕೇಳಿಸಿಕೊಂಡ್ರಲ್ಲ," ಅಂತ ಹುಚ್ಚಯ್ಯ ಸಭೆಯತ್ತ ತಿರುಗಿದ. ಆಮೇಲೆ ಮಠ ಓಡಿಸುವ ನಂಜುಂಡಾರಾಧ್ಯರನ್ನು ಮುಂದೆ ಕರೆದು, ಈ ಮಠ ಭೂಮಿಯನ್ನು ಯಾಕೆ ಸುತ್ತುತ್ತದೆ ಅಂತ ಕೇಳಿದ. ಹನ್ನೊಂದು ವರ್ಷದಲ್ಲಿ ಅವರ ಕೆಲಸದ ಬಗ್ಗೆ ಒಬ್ಬರೂ ಒಂದು ಮಾತು ಕೇಳಿರಲಿಲ್ಲ. ಆರಾಧ್ಯರ ಮುಖ ಅರಳಿತು.

"ಸುತ್ತುತ್ತೆ ಅಂತ ನಾವು ಬಾಯಿಮಾತಿಗೆ ಅಂತೀವಿ. ನಿಜವಾಗಿ ಮಠ ಭೂಮಿ ಕಡೆ ಬೀಳ್ತಾ ಇದೆ. ಆದ್ರೆ ಅಡ್ಡಡ್ಡಕ್ಕೆ ಎಷ್ಟು ಜೋರಾಗಿ ಓಡ್ತಿದೆ ಅಂದ್ರೆ, ಬೀಳೋ ಹೊತ್ತಿಗೆ ನೆಲ ಬಾಗಿ ದೂರ ಸರಿದಿರತ್ತೆ. ಒಳಗಿರೋ ನಾವೂ ಮಠದ ಜೊತೇಲೇ ಬೀಳ್ತಿರ್ತೀವಿ, ಅದಕ್ಕೇ ತೇಲೋದು."

"ಅಂದ್ರೆ ಅಡ್ಡಕ್ಕೆ ಹೋಗ್ತಾ ಬೀಳೋದು ಅನ್ನಿ."

"ಹೌದಪ್ಪ, ಹಾಗೇ."

ಹುಚ್ಚಯ್ಯ ಪೀಠದ ಕಡೆ ತಿರುಗಿದ. "ಕನ್ನಡದಲ್ಲಿ ಇದನ್ನೇ ಅಲ್ವಾ ಬುದ್ಧಿ, ಅಡ್ಡಬೀಳೋದು ಅನ್ನೋದು? ಮುದ್ದೀರಮ್ಮ ಅಡ್ಡಬಿದ್ದು ಮೂವತ್ತೆರಡು ವರ್ಷ ಆಯ್ತು. ಇನ್ನೂ ಎದ್ದೇ ಇಲ್ಲ."

ಸಭೆಯಲ್ಲಿ ಕಿಸಕ್ಕೆಂದ ಸದ್ದಾಯಿತು. ಆದರೆ ಸ್ವಾಮಿಗಳೇನು ದಡ್ಡರೇ? ಒಂದು ಗಳಿಗೆ ಗಡ್ಡ ನೀವಿಕೊಂಡು, ಸರಿ, ಆಕೆ ಬಿದ್ದಿದ್ದಾಳೆ ಅಂತ ಒಪ್ಪಿದೆವು ಅಂದರು. "ಏಳು ಅನ್ನೋದು ಗುರುಗಳ ಕೆಲಸ ತಾನೆ? ಈಗ ನಾವೇ ಅಂತೀವಿ. ಏಳಮ್ಮ, ಎದ್ದು ಹಡಗು ಹತ್ತು."

ಮುದ್ದೀರಮ್ಮನ ಮುಖ ಬಾಡಿತು. ಹುಚ್ಚಯ್ಯ ಮಾತ್ರ ಇನ್ನಷ್ಟು ವಿನಯದಿಂದ ಕೈಮುಗಿದ.

"ಅನ್ನಬೋದಿತ್ತು ಬುದ್ಧಿ. ಆದ್ರೆ ತಾವೂ ಬಿದ್ದಿದ್ದೀರಲ್ಲ, ಬಂದ ಒಂಬತ್ತು ದಿನದಿಂದ, ಪೀಠದ ಸಮೇತ. ಬಿದ್ದೋರು ಬಿದ್ದೋರಿಗೆ ಏಳು ಅನ್ನೋ ಪದ್ಧತಿ ಯಾವ ಮಠದಲ್ಲಿದೆ?"

ಸ್ವಾಮಿಗಳು ಆರಾಧ್ಯರ ಮುಖ ನೋಡಿದರು. ಆರಾಧ್ಯರು ಗಲ್ಲ ಕೆರೆದುಕೊಂಡು, ಲೆಕ್ಕಶಾಸ್ತ್ರದ ಪ್ರಕಾರ ಹುಚ್ಚಯ್ಯ ಹೇಳಿದ್ದು ಸರಿ ಅಂದರು. ಸ್ವಾಮಿಗಳು ಗಂಭೀರವಾಗಿರಲು ತುಂಬ ಪ್ರಯತ್ನಪಟ್ಟರು. ಕೊನೆಗೆ ನಗು ಎಷ್ಟು ಜೋರಾಗಿ ಬಂತೆಂದರೆ ಪಟ್ಟಿಗಳೆರಡೂ ಕಳಚಿಕೊಂಡು ಅವರು ಚಾವಣಿ ಸೇರಿದರು. ಅಲ್ಲಿಂದಲೇ ಮುದ್ದೀರಮ್ಮನ ಮೇಲಿನ ಅಪ್ಪಣೆ ರದ್ದು ಮಾಡಿದರು. ಸಂಜೆಯ ಊಟಕ್ಕೆ ದಂಟಿನ ಸೊಪ್ಪಿನ ಹುಳಿ ಆಗಲಿ, ಮೊದಲು ಹುಚ್ಚಯ್ಯನಿಗೇ ಬಡಿಸಲಿ ಅಂದರು. ಮುದ್ದೀರಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡು ಸೊಪ್ಪು ಕೊಯ್ಯಲು ಹೊರಟಳು.

ಸ್ವಾಮಿಗಳಿಗೆ ಮಾತ್ರ ಒಂದು ಅನುಮಾನ ಉಳಿದಿತ್ತು. "ಅಲ್ಲಯ್ಯಾ, ಹಾಗಾದ್ರೆ ನಮಗೆ ಏಳು ಅನ್ನಬೇಕಾದೋರು ಯಾರು?"

ಹುಚ್ಚಯ್ಯ ಕಿಟಕಿಯಾಚೆ ಕೈತೋರಿಸಿದ. "ಆ ಭೂಮಿತಾಯಿ ಬುದ್ಧಿ. ಆದ್ರೆ ತಮ್ಮನ್ನ ಮೇಲಕ್ಕೆ ಸಾಗಹಾಕಿ ಇನ್ನೂ ಒಂಬತ್ತೇ ದಿನ ಆಗಿರೋದು. ಸದ್ಯಕ್ಕೆ ಅವಳು ಬಾಯಿ ಬಿಡೋ ಹಾಗೆ ಕಾಣಲ್ಲ."