ಲಾಡಸಾಬನ ಗಾಜು, ನಿಂಬೆವ್ವನ ಗೋಪುರ

ಜಗತ್ತಿನ ಮೊದಲ ದುರ್ಬೀನು ಹುಟ್ಟಿದ್ದು ನಮ್ಮ ಬಳೆಹಾಳದಲ್ಲಿ. ಅದರೊಳಗೆ ಚಂದ್ರನ ಮೇಲಿನ ಮೊಲ ಮೀಸೆ ತಿರುವುವುದೂ ಕಾಣುತ್ತಿತ್ತು. ಸುಳ್ಳು. ದುರ್ಬೀನೂ ಇಲ್ಲ, ಮೊಲವೂ ಇಲ್ಲ, ಬಾಯಿಗೆ ಬಂತು, ಹೇಳಿದೆ. ಇನ್ನು ಮುಂದಿನದು ಅಷ್ಟು ಸುಳ್ಳಲ್ಲ. ಕೂತುಕೊಳ್ಳಿ, ಚಹಾ ಆರುವಷ್ಟರಲ್ಲಿ ಮುಗಿಸುತ್ತೇನೆ.

ಹಿಂದೆ, ನಮ್ಮಜ್ಜನ ಅಜ್ಜನಿಗೂ ಹಾಲುಹಲ್ಲು ಬರುವ ಮುಂಚೆ, ಬಳೆಹಾಳದಲ್ಲಿ ಲಾಡಸಾಬ ಅನ್ನುವ ಬಳೆಗಾರನಿದ್ದನಂತೆ. ಅವನ ಕುಲುಮೆಯ ಗಾಜು ಎಷ್ಟು ತಿಳಿ ಅಂದರೆ, ತೊಟ್ಟ ಹೆಂಗಸರು ಬಳೆ ಎಲ್ಲಿ ಹೋಯಿತೆಂದು ಕೈ ತಡವಿಕೊಳ್ಳುತ್ತಿದ್ದರಂತೆ. ಅದೇ ಊರಲ್ಲಿ ಕಸೂತಿ ಹಾಕುವ ನಿಂಬೆವ್ವ. ಬಟ್ಟೆಯ ಮೇಲೆ ಮೊದಲು ಬರೆದುಕೊಂಡು ಆಮೇಲೆ ಸೂಜಿ ಹಾಕುವುದೆಂದರೆ ಅವಳಿಗೆ ನಾಚಿಕೆಯ ಮಾತು. ಎಳೆ ಎಣಿಸಬೇಕು, ಎಣಿಸುತ್ತ ಹೋಗಬೇಕು, ಗೋಪುರ ತಾನಾಗಿ ಏಳಬೇಕು. ಅವಳು ಹಾಕಿದ ಆನೆ ರಾತ್ರಿ ಮಗ್ಗುಲು ಬದಲಿಸುತ್ತಿತ್ತಂತೆ. ಇದು ನಾನು ಸೇರಿಸಿದ್ದಲ್ಲ, ನಮ್ಮಜ್ಜಿ ಸೇರಿಸಿದ್ದು.

ಊರ ಮದುಮಗಳ ಕರಿಸೀರೆಗೆ ಹೆತ್ತವಳೇ ಸೂಜಿ ಹಾಕಬೇಕು, ಬೇರೆಯವರ ಕೈ ಬೀಳಬಾರದು ಎನ್ನುವುದು ಅಲ್ಲಿಯ ಪದ್ಧತಿ. ಎಲ್ಲ ತಾಯಂದಿರಿಗೂ ಕಲಿಸಿದವಳು ನಿಂಬೆವ್ವ. ತನ್ನ ಮಗಳು ಬಾಳವ್ವನ ಮದುವೆ ಗೊತ್ತಾಗುವ ಹೊತ್ತಿಗೆ ಅವಳಿಗೇ ಎಳೆ ಕಾಣದಾಯಿತು. ದೂರದ ಗುಡ್ಡದ ಮೇಲಿನ ಆಡು ಕಾಣುತ್ತಿತ್ತು. ಮಡಿಲಲ್ಲಿದ್ದ ಸೀರೆ ಕಾಡಿಗೆ ಬಳಿದ ಹಾಗೆ ಬರೀ ಕಪ್ಪು. ಮಗಳನ್ನು ಬೋಳು ಸೆರಗಿನಲ್ಲಿ ಹೇಗೆ ಕಳಿಸಲಿ ಎಂದು ಲಾಡಸಾಬನ ಮುಂದೆ ಬಳೆ ತೊಡಿಸಿಕೊಳ್ಳಲು ಕೂತಲ್ಲೇ ಅತ್ತಳಂತೆ.

ಲಾಡಸಾಬನಿಗೆ ಒಂದು ಚಟವಿತ್ತು. ಗಾಜಿನಲ್ಲಿ ಗುಳ್ಳೆ ಇದೆಯೇ ನೋಡಲು, ಆರಿದ ಹನಿಯನ್ನು ಹೆಬ್ಬೆರಳ ಮೇಲಿಟ್ಟು ಬಗ್ಗಿ ನೋಡುತ್ತಿದ್ದ. ಬೆರಳಿನ ಗೆರೆ ನೇಗಿಲ ಸಾಲಿನಷ್ಟು ಕಾಣುವುದು ಅವನಿಗೆ ಹಳೆಯ ಸುದ್ದಿ.

“ಅಳಬ್ಯಾಡ ಅಕ್ಕಾ, ನಿನ್ನ ಎಳಿ ಹಗ್ಗ ಮಾಡಿ ತೋರಸ್ತೀನಿ” ಅಂದನಂತೆ.

ಆ ಹನಿಯ ಹಾಗೇ ನಡು ಉಬ್ಬಿದ, ಅಂಗೈ ಅಗಲದ ಗಾಜು ಎರೆದ. ಮರಳುಗಲ್ಲಿನ ಮೇಲೆ ತಿಕ್ಕಿದ, ಬೂದಿಯಲ್ಲಿ ತಿಕ್ಕಿದ, ತೊಗಲಿನಲ್ಲಿ ತಿಕ್ಕಿದ. ಬೇಸಿಗೆಯೆಲ್ಲ ತಿಕ್ಕಿದ ಅಂತಾರೆ. “ಗಾಜಿಗೆ ಬೂದಿ ಐತಿ, ನನ್ನ ಗಡಿಗಿಗೆ ಇಲ್ಲ” ಎಂದು ಅವನ ಹೆಂಡತಿ ಖೈರೂನಬಿ ಊರಿಗೆಲ್ಲ ಕೇಳುವಂತೆ ಬೈದಳು ಅಂತಾರೆ. ಕಸೂತಿಗೆ ಎರಡೂ ಕೈ ಬೇಕಲ್ಲ, ಅದಕ್ಕೆ ಗಾಜನ್ನು ಮೂರು ಕಾಲಿನ ಕಬ್ಬಿಣದ ಮೇಲೆ ಕೂರಿಸಿದ. ಎಡವಟ್ಟಾದದ್ದು ಅಲ್ಲೇ. ಜೀವಮಾನವೆಲ್ಲ ಬೆಂಕಿಯಿಂದ ಮಾರು ದೂರ ಕೂತವನು, ಆ ರೂಢಿಯಲ್ಲೇ ಕಬ್ಬಿಣದ ಕಾಲು ಉದ್ದ ಮಾಡಿಬಿಟ್ಟ.

ಇಂಥ ಗಾಜು ಬಟ್ಟೆಗೆ ಹತ್ತಿರವಿದ್ದರೆ ಇದ್ದದ್ದು ಇದ್ದ ಹಾಗೆ ದೊಡ್ಡದಾಗುತ್ತದೆ. ಎತ್ತರ ಹೋದರೆ ಲೋಕ ಶೀರ್ಷಾಸನ ಹಾಕುತ್ತದೆ. ಬರೀ ಎಳೆಗೆ ತಲೆ ಯಾವುದು, ಕಾಲು ಯಾವುದು? ನಿಂಬೆವ್ವನಿಗೆ ತಿಳಿಯಲಿಲ್ಲ. ಸೂಜಿ ಬಲಕ್ಕೆ ಹೋದರೆ ಗಾಜಿನಲ್ಲಿ ಎಡಕ್ಕೆ ಹೋಗುತ್ತಿತ್ತು. ಗಾಜಿನ ಚೇಷ್ಟೆ ಎಂದುಕೊಂಡು ಕೈ ಪಳಗಿಸಿಕೊಂಡಳು. ಹಾಕಿದ್ದಕ್ಕೆ ದೃಷ್ಟಿಯಾದೀತೆಂದು ಆಗಿಂದಾಗಲೇ ಸುತ್ತಿ ಮುಚ್ಚಿಟ್ಟಳು. ಗಾಜಿನ ಹೊರಗೆ ಆ ಸೆರಗನ್ನು ಯಾರೂ ನೋಡಲಿಲ್ಲ, ಅವಳೂ ನೋಡಲಿಲ್ಲ.

ಮದುವೆಯ ಹಂದರದಲ್ಲಿ ಬಾಳವ್ವ ಸೀರೆ ಉಟ್ಟು ಸೆರಗು ಮುಂದಕ್ಕೆ ಇಳಿಬಿಟ್ಟಳು. ಗೋಪುರ ಕಳಸದ ಮೇಲೆ ನಿಂತಿತ್ತಂತೆ. ಆನೆಗಳ ಕಾಲು ಆಕಾಶಕ್ಕೆ. ವಾಲಗದವನ ಉಸಿರು ವಾಲಗದಲ್ಲೇ ಸಿಕ್ಕಿಕೊಂಡಿತಂತೆ.

ಗಂಡಿನ ತಾಯಿ ಎದ್ದು ನಿಂತಳು. “ಏನವಾ ನಿಂಬೆವ್ವಾ, ನಮ್ಮ ಮನಿಗೆ ಗುಡಿ ತಲಿಕೆಳಗ ಮಾಡಿ ಕಳಸ್ತೀ? ಸೀರಿ ಬಿಚ್ಚಸು, ಇಲ್ಲಾ ಹಂದರ ಬಿಚ್ಚಸ್ತೀನಿ.”

ನಿಂಬೆವ್ವ ಹಂದರದ ಕಂಬ ಹಿಡಿದುಕೊಂಡಳು. ಬಾಳವ್ವ ಮಾತ್ರ ತಲೆ ಬಗ್ಗಿಸಿ, ಸೆರಗಿನ ತುದಿ ಎತ್ತಿ, ಸಾವಕಾಶವಾಗಿ ನೋಡಿದಳು.

“ಅತ್ತೀ, ನಿಮಗ ತಲಿಕೆಳಗ ಐತಿ. ನನಗ ನೆಟ್ಟಗ ಐತಿ. ಉಟ್ಟಾಕಿ ನಾನು. ನಮ್ಮವ್ವ ನನಗ ಕಾಣೋ ಹಂಗ ಹಾಕ್ಯಾಳ.”

ಅತ್ತೆ ಅಷ್ಟಕ್ಕೆ ಬಿಡುವವಳಲ್ಲ, ಹೊಲಿಗೆಯಲ್ಲಾದರೂ ತಪ್ಪು ಹಿಡಿಯುತ್ತೇನೆ ಎಂದಳು. ಲಾಡಸಾಬ ಓಡಿಹೋಗಿ ಗಾಜು ತಂದು, ಕಬ್ಬಿಣದಿಂದ ಕಿತ್ತು, ಸೆರಗಿನ ಹತ್ತಿರ ಹಿಡಿದ. ಅತ್ತೆಯದೂ ನಿಂಬೆವ್ವನದೇ ವಯಸ್ಸು, ಅದೇ ಕಣ್ಣು. ಎಷ್ಟೋ ವರ್ಷದಿಂದ ಕಾಣದ ಎಳೆ ಎದುರಿಗೆ ಬಂದು ನಿಂತಿತು. ಒಂದೂ ತಪ್ಪಿರಲಿಲ್ಲ, ಹಿಂದೆ ಮುಂದೆ ಒಂದೇ ಸಮ. ನೋಡಿದಳು, ನೋಡುತ್ತಲೇ ಇದ್ದಳು. ಮುಹೂರ್ತ ಮೀರುತ್ತದೆಂದು ಅಯ್ಯನವರು ಕೆಮ್ಮಿದರೂ ಗಾಜು ಬಿಡಲಿಲ್ಲ ಅಂತಾರೆ.

ಕೊನೆಗೆ ಲಾಡಸಾಬನ ಕಡೆ ತಿರುಗಿದಳಂತೆ. “ನನಗೂ ಒಂದು ಮಾಡಿಕೊಡೋ ಅಣ್ಣಾ. ಕಾಲು ಗಿಡ್ಡ ಇರಲಿ.”

ಆಮೇಲೆ ಅಂಥ ಗಾಜು ಸುತ್ತಲಿನ ಊರಿನ ಅಕ್ಕಸಾಲಿಗರಿಗೆ ಹೋಯಿತು, ಪುರಾಣ ಓದುವವರಿಗೆ ಹೋಯಿತು. ದೂರದ ಊರಿನವರು ಸೂಜಿಗೆ ದಾರ ಪೋಣಿಸಲು ಮೊಮ್ಮಕ್ಕಳನ್ನು ಕೂಗುತ್ತಿದ್ದಾಗ ನಮ್ಮೂರ ಮುದುಕಿಯರು ತಾವೇ ಪೋಣಿಸುತ್ತಿದ್ದರು.

ಈಗಲೂ ಬಳೆಹಾಳದ ತಾಯಂದಿರು ಮಗಳ ಸೆರಗಿನಲ್ಲಿ ಒಂದು ಗೋಪುರ ತಲೆಕೆಳಗೆ ಹಾಕುತ್ತಾರೆ. ಮದುಮಗಳು ಮೊದಲು ಅದನ್ನು ನೋಡಬೇಕು. ಹೊರಗಿನವರು ಅವಳು ನಾಚಿ ತಲೆ ತಗ್ಗಿಸಿದ್ದಾಳೆ ಎಂದುಕೊಳ್ಳುತ್ತಾರೆ. ಆ ದಿನ ಲಾಡಸಾಬನ ಗೋರಿಗೆ ಹೂವು ಹೋಗುತ್ತದೆ, ಜೊತೆಗೊಂದು ಹಿಡಿ ಬೂದಿ, ಖೈರೂನಬಿಯ ಗಡಿಗೆಗೆ.

ನಂಬದಿದ್ದರೆ ನನ್ನ ಹೆಂಡತಿಯ ಸೆರಗು ನೋಡಿ ಎನ್ನುತ್ತಿದ್ದೆ, ಆದರೆ ಅವಳು ಪಕ್ಕದೂರಿನವಳು. ಇಗೋ, ಚಹಾದವನು ಬಂದ. ಚಾಳೀಸು ಕನ್ನಡಕ ಮನೆಯಲ್ಲೇ ಮರೆತೆ, ಜೇಬಿನಲ್ಲಿ ಏನಿದೆಯೋ ಒಂದೂ ಕಾಣುತ್ತಿಲ್ಲ. ನನ್ನ ಚಹಾದ್ದೂ ನೀವೇ ಕೊಟ್ಟುಬಿಡಿ.