ಸೌಟಿನ ಹಿಡಿ

"ಗುರುಗಳೇ, ಎಷ್ಟು ತೊಳೆದರೆ ಮನುಷ್ಯ ಶುದ್ಧನಾಗುತ್ತಾನೆ?"

ಕೇಳಿದವನು ಚೆನ್ನವೀರ. ಸಾಯುವ ಹೊತ್ತಿಗೆ ತಮ್ಮ ಹೇಳಿಕಳಿಸಿದರೂ, ಹಳೆಯ ಜಗಳದ ಹಟಕ್ಕೆ ಬಿದ್ದು ಅವನು ನೋಡಲು ಹೋಗಿರಲಿಲ್ಲ. ತಮ್ಮ ಹೋದ ಮೇಲೆ ಮಠಕ್ಕೆ ಬಂದು ಸೇರಿದ್ದ. ದಿನವೂ ನಸುಕಿನಲ್ಲೇ ಹೊಳೆಯಲ್ಲಿ ಮುಳುಗುವುದು, ಮೇಲೆ ಉಪವಾಸ. ಮೈ ಕಡ್ಡಿಯಾಗಿತ್ತು, ಎದೆಯ ಭಾರ ಮಾತ್ರ ಇಳಿದಿರಲಿಲ್ಲ. ಪಾಪ, ಅವನ ಸಂಕಟ ಸುಳ್ಳಲ್ಲ.

ಗುರುಗಳು ಕತೆ ಹೇಳಿದರು.

ಜಪಾನಿನಲ್ಲಿ ಮುತ್ತಿನ ವ್ಯಾಪಾರ ಮಾಡಿಕೊಂಡು ನೆಲೆಸಿದ್ದ ನಮ್ಮ ಕಡೆಯವನೊಬ್ಬನಿದ್ದ. ಒಮ್ಮೆ ಒಂದು ಮುತ್ತು ಕಾಣೆಯಾಯಿತು. ವ್ಯಾಪಾರಿ ಹಿಂದೆಮುಂದೆ ನೋಡದೆ ಆಳಿನ ಮೇಲೆ ಕಳ್ಳತನ ಹೊರಿಸಿ ಹೊರಗೆ ಹಾಕಿದ. ಮುತ್ತು ಆಮೇಲೆ ಪೆಟ್ಟಿಗೆಯ ಸಂದಿಯಲ್ಲೇ ಸಿಕ್ಕಿತು. ಅಷ್ಟರಲ್ಲಿ ಆಳು ಅದೇ ಕೊರಗಿನಲ್ಲಿ ತೀರಿಕೊಂಡಿದ್ದ. ಅವನ ಹೆಂಡತಿ ಕಳ್ಳನ ಹೆಂಡತಿ ಎನ್ನಿಸಿಕೊಂಡು ಬದುಕಿದ್ದಳು. ವ್ಯಾಪಾರಿಗೆ ಅನ್ನ ಸೇರದಾಯಿತು. ಯಾರೋ ಹೇಳಿದರೆಂದು ಬೆಟ್ಟದ ಮೇಲಿನ ಪುರಾತನ ಗುಡಿಗೆ, ಅಲ್ಲಿನವರ ಶಿಂಟೋ ಧರ್ಮದ ಗುಡಿಗೆ ಹೋದ.

ಅಲ್ಲಿ ದೇವರ ಮುಂದೆ ನಿಲ್ಲುವ ಮೊದಲು ಕಲ್ಲಿನ ತೊಟ್ಟಿಯ ನೀರಿನಿಂದ ಕೈ ಬಾಯಿ ತೊಳೆಯಬೇಕು. ಎಲ್ಲರಿಗೂ ಸೇರಿ ಒಂದೇ ಬಿದಿರಿನ ಸೌಟು. ವ್ಯಾಪಾರಿ ಒಂದು ಸೌಟು ನೀರು ಸುರಿದುಕೊಂಡ. ಸಾಲದೆನಿಸಿತು. ಮತ್ತೆ ಸುರಿದುಕೊಂಡ, ಮತ್ತೆ ತಿಕ್ಕಿದ. ಚಳಿಗೆ ಬೆರಳು ಮರಗಟ್ಟಿದವು. ಹಿಂದೆ ಜನ ಕಾಯುತ್ತಾ ನಿಂತೇ ಇದ್ದರು, ಅವನಿಗೆ ಅದರ ಪರಿವೆಯೇ ಇರಲಿಲ್ಲ.

ಬೆನ್ನ ಹಿಂದಿದ್ದ ಮುದುಕಿ ಮೆಲ್ಲಗೆ ಹೇಳಿದಳು: "ಒಂದೇ ಸೌಟು ಸಾಕಪ್ಪ. ಆದರೆ ಎಲ್ಲವನ್ನೂ ನೀನೇ ಸುರಿದುಕೊಳ್ಳಬಾರದು. ಕೊನೆಗೆ ಒಂದಿಷ್ಟು ಉಳಿಸಿ, ಹಿಡಿ ಕೆಳಗಾಗುವಂತೆ ಸೌಟನ್ನು ನೆಟ್ಟಗೆ ಎತ್ತಬೇಕು. ನೀರು ಇಳಿದು ಅದರ ಹಿಡಿ ತೊಳೆಯುತ್ತದೆ."

"ಹಿಡಿ ಯಾಕಮ್ಮ?"

"ನಿನ್ನ ಕೈ ತಾಗಿದ್ದು ಅಲ್ಲಿಯೇ ಅಲ್ಲವೇ? ಇನ್ನು ಅದನ್ನು ಹಿಡಿಯಬೇಕಾದವಳು ನಾನು."

ವ್ಯಾಪಾರಿ ಸೌಟನ್ನು ಎತ್ತಿದ. ನೀರು ಹಿಡಿಗುಂಟ ಇಳಿಯಿತು. ಅದನ್ನು ಮುದುಕಿಯ ಕೈಗೆ ಕೊಡುವಾಗ ಅವನಿಗೆ ಅಳು ತಡೆಯಲಾಗಲಿಲ್ಲ. ಗುಡಿಯ ಮೆಟ್ಟಿಲು ಹತ್ತದೆ ಬಂದ ದಾರಿಯಲ್ಲೇ ಸರಸರನೆ ಬೆಟ್ಟ ಇಳಿದ. ಆಳಿನ ಹೆಂಡತಿಯ ಬಾಗಿಲಿಗೆ ಹೋಗಿ, ಬೀದಿಯಲ್ಲೇ ಮಂಡಿಯೂರಿ, ಕೇರಿಗೆಲ್ಲ ಕೇಳುವಂತೆ ಹೇಳಿದ: "ನಿನ್ನ ಗಂಡ ಕಳ್ಳನಲ್ಲ ತಾಯಿ. ತಪ್ಪು ಮಾಡಿದವನು ನಾನು."

ಗುರುಗಳು ಕತೆ ನಿಲ್ಲಿಸಿದರು.

"ಅಷ್ಟು ದೂರ ಹೋಗಿಯೂ ದೇವರ ದರ್ಶನ ಮಾಡಲಿಲ್ಲವೇ?" ಚೆನ್ನವೀರ ಕೇಳಿದ. ಅವನ ತಲೆಗೂದಲಿನಿಂದ ಹೊಳೆಯ ನೀರು ಇನ್ನೂ ತೊಟ್ಟಿಕ್ಕುತ್ತಿತ್ತು.

ಗುರುಗಳು ಅವನನ್ನು ಅಕ್ಕರೆಯಿಂದ ನೋಡಿದರು.

"ನಿನ್ನ ತಮ್ಮನ ಮಗಳಿಗೆ ಈಗ ಎಷ್ಟು ವರ್ಷ, ಚೆನ್ನವೀರ?"

ಚೆನ್ನವೀರ ಬಾಯಿ ತೆರೆದ. ಅವನಿಗೆ ಗೊತ್ತಿರಲಿಲ್ಲ.