ಹೆಗಲ ಮೇಲಿನ ಸೆರಗು

ಹೊಳೆ ದಂಡೆಯ ಊರೊಂದರಲ್ಲಿ ಮೂರು ಅಂತಸ್ತಿನ ಜವಳಿ ಮಳಿಗೆ ಇತ್ತು. ಈಗ ಅಲ್ಲಿ ಬೇರೇನೋ ಇದೆ. ಆ ಕಾಲದಲ್ಲಿ ಸುತ್ತಲಿನ ಹಳ್ಳಿಗಳಲ್ಲಿ ಮದುವೆ ಗೊತ್ತಾಯಿತೆಂದರೆ ಜನ ಮೊದಲು ಛತ್ರ ಕೇಳಲು ಹೋಗುತ್ತಿದ್ದರು, ಅಲ್ಲಿಂದ ನೇರ ಈ ಮಳಿಗೆಗೆ ಬರುತ್ತಿದ್ದರು.

ಕೆಳಗೆ ಗಂಡಸರ ಬಟ್ಟೆ, ನಡುವೆ ಮಕ್ಕಳದು, ಮೇಲೆ ಸೀರೆ. ಸೀರೆಯ ಅಂತಸ್ತಿನಲ್ಲಿ ಕುರ್ಚಿಗಳಿರಲಿಲ್ಲ. ಉದ್ದಕ್ಕೂ ಗಾದಿ ಹಾಸಿ ಬಿಳಿ ಬಟ್ಟೆ ಹೊದಿಸಿದ್ದರು. ಹೆಂಗಸರು ಚಪ್ಪಲಿ ಬಿಟ್ಟು ಹತ್ತಿ ಕೂತರೆ ಊಟದ ಹೊತ್ತು ಮೀರಿದರೂ ಏಳುತ್ತಿರಲಿಲ್ಲ.

ಹೊಸ ಸೀರೆಯ ಗಂಜಿಯ ವಾಸನೆ, ಯಾರದೋ ಮುಡಿಯ ಮಲ್ಲಿಗೆ, ಮಕ್ಕಳ ಕೈಯಲ್ಲಿ ಕರಗುವ ಬಿಸ್ಕತ್ತು, ಕಿಟಕಿಯಾಚೆ ಹೊಳೆ. ಆಗ ಅಲ್ಲಿ ಕೆಲಸಕ್ಕಿದ್ದ ಕೊಟ್ರೇಶನಿಗೆ ಈಗ ವಯಸ್ಸಾಗಿದೆ. ಆದರೂ ಮನೆಯಲ್ಲಿ ಯಾರಾದರೂ ಹೊಸ ಸೀರೆಯ ಮಡಿಕೆ ಬಿಚ್ಚಿದರೆ ಅವನು ಕೈಯಲ್ಲಿದ್ದ ಕೆಲಸ ಬಿಟ್ಟು ಹತ್ತಿರ ಹೋಗಿ ನಿಲ್ಲುತ್ತಾನೆ.

ಅಲ್ಲಿ ಸೀರೆ ತೋರಿಸುತ್ತಿದ್ದವರು ಚಿದಾನಂದಪ್ಪ. ಮಳಿಗೆಯಲ್ಲಿ ಎಲ್ಲರೂ ಅವರನ್ನು ಮೇಷ್ಟ್ರೇ ಎನ್ನುತ್ತಿದ್ದರು. ಅವರು ಯಾವ ಶಾಲೆಯಲ್ಲೂ ಪಾಠ ಮಾಡಿದವರಲ್ಲ. ಅಲ್ಲಿ ಕೆಲಸಕ್ಕೆ ಸೇರಿದವರಿಗೆಲ್ಲ ಸೀರೆ ಮಡಚುವುದನ್ನು ಕಲಿಸಿದವರು.

ಆ ಅಂತಸ್ತಿಗೊಂದು ಪದ್ಧತಿ ಇತ್ತು. ಸೀರೆಯನ್ನು ಗಾದಿಯ ಮೇಲೆ ಹರವಿದರೆ ಸಾಲದು. ಗಿರಾಕಿಯ ಕಣ್ಣು ಒಂದರ ಮೇಲೆ ನಿಂತರೆ, ತೋರಿಸುವವನು ಎದ್ದು ಅದನ್ನು ತನ್ನ ಸೊಂಟಕ್ಕೇ ಸುತ್ತಿ, ನೆರಿಗೆ ಹಿಡಿದು, ಸೆರಗನ್ನು ತನ್ನ ಹೆಗಲ ಮೇಲೆ ಇಳಿಬಿಡಬೇಕು. ಮೀಸೆ ಇರಲಿ, ಬೋಳುತಲೆ ಇರಲಿ. ಉಟ್ಟರೆ ಹೇಗೆ ಕಂಡೀತು ಎಂದು ಮನೆಯವರು ತಿಳಿಯುತ್ತಿದ್ದದ್ದು ಹಾಗೆ.

ಮೇಷ್ಟ್ರಿಗೆ ದಪ್ಪ ಬಿಳಿ ಮೀಸೆ. ಆದರೂ ಅವರು ಸೆರಗು ಹೊದ್ದು ನಿಂತರೆ ಯಾರೂ ನಗುತ್ತಿರಲಿಲ್ಲ. ಒಬ್ಬ ಅಜ್ಜಿಯಂತೂ ಅವರನ್ನು ಮೇಲಿಂದ ಕೆಳಗೆ ನೋಡಿ, "ಬೇಡ, ಇದರಲ್ಲಿ ನಮ್ಮ ಸುಶೀಲಿ ಕಪ್ಪಗೆ ಕಾಣ್ತಾಳೆ" ಎಂದುಬಿಟ್ಟಿದ್ದಳು. ಮೇಷ್ಟ್ರು "ಹೌದು, ಕಪ್ಪಗೆ ಕಾಣ್ತಾಳೆ" ಎಂದು ಇನ್ನೊಂದು ತೆಗೆದಿದ್ದರು.

ಶ್ರಾವಣದಲ್ಲಿ ಕೊಟ್ರೇಶನನ್ನು ಅವರ ಕೈಕೆಳಗೆ ಹಾಕಿದರು. ಅದಕ್ಕೆ ಮೊದಲು ಅವನು ನೆಲಮಾಳಿಗೆಯ ಗೋಡೌನಿನಲ್ಲಿದ್ದ. ಅಲ್ಲಿ ಕಿಟಕಿ ಇರಲಿಲ್ಲ. ದಿನವೆಲ್ಲ ಬಟ್ಟೆಯ ಬೇಲು ಬಿಚ್ಚುವುದು, ಚೀಟಿ ಅಂಟಿಸುವುದು, ಕೆಮ್ಮುವುದು. ಹೊರಗೆ ಮಳೆ ಬಂದು ಹೋಗಿದ್ದು ಮೇಲಿನವರು ಹೇಳಿದರೆ ಗೊತ್ತು.

ಮೇಲ್ವಿಚಾರಕರು ಅವನನ್ನು ಕರೆದು ಹೇಳಿದ್ದರು. "ಮೇಷ್ಟ್ರ ಮಂಡಿ ಕೈಕೊಡ್ತಿದೆ. ದಸರೆ ಹೊತ್ತಿಗೆ ನೀನು ಸೀರೆ ಹೊದ್ದು ತೋರಿಸೋದು ಕಲಿತರೆ ಇಲ್ಲೇ ಇರು. ಇಲ್ಲಾಂದ್ರೆ ವಾಪಸ್ಸು ಕೆಳಗೆ."

ಕೆಳಗೆ ಹೋಗುವುದು ಕೊಟ್ರೇಶನಿಗೆ ಬೇಡವಾಗಿತ್ತು. ಹೊಳೆ ಕಾಣುವ ಈ ಗಾದಿಯ ಅಂಚು ಅವನಿಗೆ ಬೇಕಾಗಿತ್ತು.

ಮಡಚುವುದು ಬೇಗ ಬಂತು. ಅಂಚಿಗೆ ಅಂಚು ಕೂಡಿಸುವುದು, ಜರಿ ಒಳಗೆ ಬರುವ ಹಾಗೆ ಮಡಿಸುವುದು, ಅಂಗೈಯಿಂದ ಸವರುವುದು. ಮೇಷ್ಟ್ರು ನೋಡಿ ತಲೆಯಾಡಿಸುತ್ತಿದ್ದರು. ಆದರೆ ಹೊದ್ದು ನಿಲ್ಲುವುದೆಂದರೆ ಅವನ ಕಿವಿ ಕೆಂಪಾಗುತ್ತಿತ್ತು.

ಒಂದು ದಿನ ಕೇಳಿದ. "ಮೇಷ್ಟ್ರೇ, ಕೆಳಗೆ ಗಾಜಿನೊಳಗೆ ಬೊಂಬೆ ನಿಲ್ಸಿದಾರಲ್ಲ. ಅಂಥದ್ದೊಂದನ್ನ ಮೇಲೆ ತಂದು ಅದಕ್ಕೆ ಉಡಿಸಿದರೆ ಆಗಲ್ವಾ?"

"ಆಗುತ್ತೆ."

"ಮತ್ತೆ ಯಾಕೆ ತರಿಸಲ್ಲ?"

"ಬೊಂಬೆ ಆಗಲೇ ಯಾರೋ ಒಬ್ಬಳು ಕಣಪ್ಪ."

ಕೊಟ್ರೇಶನಿಗೆ ಅರ್ಥವಾಗಲಿಲ್ಲ.

ಅದೇ ವಾರ ಮದುವೆಯ ಗುಂಪೊಂದು ಬಂತು. ಮದುಮಗಳ ಅತ್ತೆ, ಚಿಕ್ಕಮ್ಮಂದಿರು, ಜೊತೆಗೆ ಒಂದು ಹಿಂಡು ಹುಡುಗಿಯರು. ಮೇಷ್ಟ್ರು ಗೋಡೆಗೆ ಒರಗಿ ಕೂತು, "ಇವತ್ತು ನೀನು" ಎಂದರು.

ನಾಚಿಕೆ ಮುಚ್ಚಿಕೊಳ್ಳಲು ಕೊಟ್ರೇಶನಿಗೆ ಒಂದೇ ದಾರಿ ಹೊಳೆಯಿತು. ಸೆರಗನ್ನು ತಲೆಯ ಮೇಲೆ ಎಳೆದುಕೊಂಡ. ಕಣ್ಣು ಕೆಳಗೆ ಮಾಡಿದ. ಕಾಲ ಹೆಬ್ಬೆರಳಿನಿಂದ ಗಾದಿ ಕೆರೆದ. ಹುಡುಗಿಯರು ಒಬ್ಬರ ಮೇಲೊಬ್ಬರು ಬಿದ್ದು ನಕ್ಕರು.

ಪ್ಯಾಕಿಂಗ್ ಮಾಡುವ ಜುಬೇದಾ ಮೂಲೆಯಿಂದ ಕೂಗಿದಳು. "ಕೊಟ್ರೇಶಣ್ಣಾ, ಗಂಡಿನ ಕಡೆಯೋರು ನೋಡೋಕೆ ಯಾವತ್ತು ಬರ್ತಾರೆ?"

"ವರದಕ್ಷಿಣೆ ಕೊಡಲ್ಲ ಅಂತ ಹೇಳ್ಕಳ್ಸಿದೀನಿ, ನೋಡಬೇಕು" ಎಂದ ಕೊಟ್ರೇಶ.

ಮತ್ತೆ ನಗು. ಅತ್ತೆಯ ಕಣ್ಣಲ್ಲೂ ನೀರು ಬಂತು. ನಗುನಗುತ್ತಲೇ ಅವರು ಎದ್ದರು. "ಇನ್ನೊಂದು ಕಡೆ ನೋಡ್ಕೊಂಡು ಬರ್ತೀವಿ" ಎಂದು ಇಳಿದು ಹೋದರು. ಬರಲಿಲ್ಲ.

"ಹೇಗಿತ್ತು ಮೇಷ್ಟ್ರೇ?"

"ಚೆನ್ನಾಗಿತ್ತು."

"ಮತ್ತೆ ಒಂದೂ ತಗೊಳ್ಳಲಿಲ್ಲ?"

"ಸೀರೆ ಯಾರು ನೋಡಿದರು? ಎಲ್ಲರೂ ನಿನ್ನನ್ನೇ ನೋಡ್ತಿದ್ವಿ."

ಮುಂದಿನ ಸಲ ಕೊಟ್ರೇಶ ತಮಾಷೆ ಮಾಡಲಿಲ್ಲ. ಸೀರೆ ಸುತ್ತಿಕೊಂಡು ಕಂಬದ ಹಾಗೆ ನಿಂತ. ಹಲ್ಲು ಕಚ್ಚಿದ್ದ. ಕಣ್ಣು ಫ್ಯಾನಿನ ಮೇಲೆ ಇತ್ತು. ಬಂದಿದ್ದ ತಾಯಿ, "ಪಾಪ, ಬಿಡಪ್ಪ, ತೆಗೆದುಬಿಡು" ಎಂದಳು.

"ಈಗ ಮೇಷ್ಟ್ರೇ?"

"ಈಗಲೂ ನಿನ್ನನ್ನೇ."

ಕೊಟ್ರೇಶನಿಗೆ ಸಿಟ್ಟು ಬಂತು. "ನಕ್ಕರೂ ನನ್ನನ್ನೇ, ನಗದಿದ್ರೂ ನನ್ನನ್ನೇ ಅಂದ್ರೆ ನಾನು ಏನು ಮಾಡ್ಲಿ? ನಿಂತಿರೋನು ನಾನೇ ಅಲ್ವಾ?"

ಮೇಷ್ಟ್ರು ಮಂಡಿ ತಿಕ್ಕಿಕೊಳ್ಳುತ್ತ, "ಅದೇ ಕಷ್ಟ" ಎಂದರು.

ಶ್ರಾವಣ ಕಳೆಯಿತು. ಗಣಪತಿ ನೀರಿಗೆ ಹೋದ. ಪಕ್ಷಮಾಸ ಬಂತು. ಹಿರಿಯರಿಗೆ ಎಡೆ ಇಡುವ ದಿನಗಳು ಅವು. ಯಾರ ಮನೆಯಲ್ಲೂ ಶುಭಕಾರ್ಯ ಇಟ್ಟುಕೊಳ್ಳುವುದಿಲ್ಲ. ಎಡೆಯ ಮುಂದೆ ಇಡಲು ಒಂದು ಪಂಚೆ, ಒಂದು ನೂಲಿನ ಸೀರೆ ಒಯ್ಯುವವರು ಬಿಟ್ಟರೆ ಮೇಲಿನ ಅಂತಸ್ತು ಭಣಗುಟ್ಟುತ್ತಿತ್ತು. ಜುಬೇದಾ ಪೆಟ್ಟಿಗೆಗಳ ಧೂಳು ಒರೆಸುತ್ತಿದ್ದಳು. ಮೇಲ್ವಿಚಾರಕರು ಬಂದಾಗಲೆಲ್ಲ ಕೊಟ್ರೇಶನನ್ನು ನೋಡಿ, ಆಮೇಲೆ ಗೋಡೆಯ ಕ್ಯಾಲೆಂಡರ್ ನೋಡಿ ಹೋಗುತ್ತಿದ್ದರು.

ಅಂಥ ಒಂದು ಮಧ್ಯಾಹ್ನ ಕೊಟ್ರೇಶ ಹೇಳಿಯೇಬಿಟ್ಟ. "ನನಗಿದು ಬರಲ್ಲ ಮೇಷ್ಟ್ರೇ. ಅವರು ಕಳಿಸೋಕೆ ಮುಂಚೆ ನಾನೇ ಗೋಡೌನಿಗೆ ಹೋಗ್ತೀನಿ."

"ಹೋಗು. ಮೊದಲು ಇವನ್ನ ಮಡಚಿ ಹೋಗು."

ಅವನು ಮಡಚುತ್ತಿರುವಾಗ ಮೆಟ್ಟಿಲಿನಿಂದ ಒಬ್ಬ ಹಿರಿಯ ಮೇಲೆ ಬಂದ. ಪಂಚೆ ಮೊಣಕಾಲಿಗೆ ಎತ್ತಿ ಕಟ್ಟಿತ್ತು, ಹೆಗಲಲ್ಲಿ ಟವೆಲು. ಗದ್ದೆಯಿಂದ ನೇರ ಬಂದವನಂತೆ ಪಾದದಲ್ಲಿ ಇನ್ನೂ ಆರದ ಕೆಸರು. ಅದು ತಾಗೀತೆಂದು ಗಾದಿ ಹತ್ತಲಿಲ್ಲ, ಅಂಚಿನಲ್ಲೇ ನಿಂತ.

"ಒಂದು ಹಸಿರು ಸೀರೆ ಬೇಕಿತ್ತು."

"ಬನ್ನಿ ಯಜಮಾನ್ರೇ, ಕೂತ್ಕೊಳ್ಳಿ. ಯಾರಿಗೆ?"

"ಮಗಳಿಗೆ. ತವರಿಂದ ಕೊಡೋದು."

ತವರಿನ ಹಸಿರು ಸೀರೆ ಎಂದರೆ ಕೊಟ್ರೇಶನಿಗೆ ಗೊತ್ತಿದ್ದದ್ದು ಒಂದೇ. ಬೇಜಾರೆಲ್ಲ ಬದಿಗಿಟ್ಟು, "ಸೀಮಂತಕ್ಕಾ?" ಎಂದು ಮುಖ ಅರಳಿಸಿ ಕೇಳಿದ.

ಆತ ಕಿಟಕಿಯ ಕಡೆ ನೋಡಿದ. ಹೊಳೆ ತುಂಬಿ ಹರಿಯುತ್ತಿತ್ತು. ಅತ್ತಲೇ ನೋಡುತ್ತ, "ಹೂಂ" ಎಂದ.

ಕೊಟ್ರೇಶ ಹರವಿದ. ಗಿಳಿ ಹಸಿರು, ಎಲೆ ಹಸಿರು, ಪಾಚಿ ಹಸಿರು. ಆತ ಯಾವುದನ್ನೂ ಮುಟ್ಟಲಿಲ್ಲ. ಬೆಲೆ ಕೇಳಲಿಲ್ಲ.

"ಯಾವುದು ಒಪ್ಪುತ್ತೆ ಅಂತ ನನಗೆ ತಿಳಿಯಲ್ಲಪ್ಪ. ಇದನ್ನೆಲ್ಲ ಅವರವ್ವ ನೋಡ್ತಿದ್ದಳು."

"ಅವರನ್ನೂ ಕರ್ಕೊಂಡು ಬರಬೇಕಿತ್ತು."

"ಅವಳು ಬರೋ ಹಾಗಿಲ್ಲ."

ಆತ ಟವೆಲಿನಿಂದ ಮುಖ ಒರೆಸಿಕೊಂಡ. "ಬಿಸಿಲು ಇಳಿಯೋದರೊಳಗೆ ಹೋಗಬೇಕು. ಯಾವುದಾದರೂ ಒಂದು ಕೊಟ್ಟುಬಿಡು" ಎಂದ. ಮರುಗಳಿಗೆಯೇ, "ಯಾವುದಾದರೂ ಬೇಡ" ಎಂದ.

ಮೇಷ್ಟ್ರು ಗೋಡೆ ಹಿಡಿದು ಎದ್ದು ಬಂದರು.

"ಮಗಳು ಎತ್ತರವಾ ಯಜಮಾನ್ರೇ?"

ಆತ ಸುತ್ತ ನೋಡಿದ. ಜುಬೇದಾಳನ್ನು ನೋಡಿದ, ಮೇಷ್ಟ್ರನ್ನು ನೋಡಿದ. ಕಣ್ಣು ಕೊಟ್ರೇಶನ ಮೇಲೆ ನಿಂತಿತು.

"ಈ ತಮ್ಮನಷ್ಟು."

ಮೇಷ್ಟ್ರು ಎಲೆ ಹಸಿರಿನ ಸೀರೆಯನ್ನು ಎತ್ತಿಕೊಂಡರು. ಕೊಟ್ರೇಶನ ಸೊಂಟಕ್ಕೆ ತಾವೇ ಸುತ್ತಿದರು. ಸೆರಗನ್ನು ಅವನ ಹೆಗಲ ಮೇಲೆ ಹಾಕಿ, ನೋವಿನ ಮಂಡಿಯನ್ನು ಮಡಿಸಿ ಕೂತು, ನೆರಿಗೆಯ ತುದಿ ಹಿಡಿದರು.

ಕೊಟ್ರೇಶನ ತುಟಿಗೆ ಅಭ್ಯಾಸದ ನಗು ಬಂದಿತ್ತು. ಆತನ ಮುಖ ನೋಡಿದ ಮೇಲೆ ಅದು ಅಲ್ಲೇ ನಿಂತುಹೋಯಿತು.

ಆತ ಹತ್ತಿರ ಬಂದ. ಕೆಸರಿನ ಕಾಲು ಬಿಳಿ ಗಾದಿಯ ಮೇಲೆ ಬಂದದ್ದು ಅವನಿಗೆ ತಿಳಿಯಲಿಲ್ಲ.

"ಸೆರಗು ಇಷ್ಟು ಉದ್ದ ಬಿಡ್ತಿರಲಿಲ್ಲ. ಯಾವಾಗ್ಲೂ ಕೆಲಸ ಅವಳಿಗೆ. ಸೊಂಟಕ್ಕೆ ಸಿಕ್ಕಿಸ್ಕೊಳ್ಳೋಳು." ಹಾಗೆಂದು ತಾನೇ ಸೆರಗಿನ ತುದಿ ಎಳೆದು ಕೊಟ್ರೇಶನ ಸೊಂಟಕ್ಕೆ ಸಿಕ್ಕಿಸಿದ. ಒಂದು ಹೆಜ್ಜೆ ಹಿಂದೆ ಸರಿದು ನೋಡಿದ.

"ಎತ್ತರ ಅಂತ ನಾಚಿಕೆ ಅವಳಿಗೆ. ಸ್ವಲ್ಪ ಬಗ್ಗಿಯೇ ನಿಲ್ಲೋಳು. ಎಷ್ಟು ಸಲ ಹೇಳಿದೀನೋ."

ನಿಲ್ಲೋಳು ಎಂದ. ಕೊಟ್ರೇಶನಿಗೆ ಆಗ ಎಲ್ಲವೂ ಒಟ್ಟಿಗೇ ತಿಳಿಯಿತು. ಮುತ್ತೈದೆಯಾಗಿ ಕಣ್ಣು ಮುಚ್ಚಿದವಳಿಗೂ ತವರಿಂದ ಹಸಿರು ಸೀರೆ ಬರುತ್ತದೆ. ಕೊನೆಯದು.

ಹೆಗಲು ತಣ್ಣಗಾಯಿತು. ಕೈ ತಾನಾಗಿ ಮೇಲೆದ್ದು ಸೆರಗನ್ನು ಹಿಡಿಯಿತು, ಎಳೆದು ಎಸೆಯಲಿಕ್ಕೆ. ಮೇಷ್ಟ್ರನ್ನು ನೋಡಿದ. ಅವರು ತಲೆ ಎತ್ತಲಿಲ್ಲ. ನೆರಿಗೆ ಹಿಡಿದ ಕೈ ಸಡಿಲಿಸಲೂ ಇಲ್ಲ.

ಆತ ಇನ್ನೂ ನೋಡುತ್ತಿದ್ದ.

ಕೊಟ್ರೇಶ ಕೈ ಇಳಿಸಿದ. ಆಮೇಲೆ, ಯಾಕೆಂದು ಅವನಿಗೂ ತಿಳಿಯದೆ, ಹೆಗಲನ್ನು ತುಸು ಬಗ್ಗಿಸಿದ.

ಜುಬೇದಾಳ ಕೈಯ ಒರೆಸುವ ಬಟ್ಟೆ ನಿಂತಿತ್ತು.

"ನೆಟ್ಟಗೆ ನಿಲ್ಲವ್ವ" ಎಂದ ಆತ, ಬಹಳ ಮೆಲ್ಲಗೆ.

ಕೊಟ್ರೇಶ ನೆಟ್ಟಗೆ ನಿಂತ.

ಆತ ಎಷ್ಟು ಹೊತ್ತು ನೋಡಿದನೋ. ಕೊನೆಗೆ ಟವೆಲನ್ನು ಹೆಗಲಿಗೆ ಹಾಕಿಕೊಂಡು, "ಇದೇ ಇರಲಿ" ಎಂದ.

ಜುಬೇದಾ ಸೀರೆಯನ್ನು ಪೆಟ್ಟಿಗೆಗೆ ಹಾಕಿ ದಾರ ಕಟ್ಟಿದಳು. ಮಳಿಗೆಯ ಎಲ್ಲ ಗಿರಾಕಿಗೂ ಹೇಳಬೇಕಾದ ಮಾತೊಂದಿತ್ತು, ಮತ್ತೆ ಬನ್ನಿ ಎಂದು. ಅವಳು ಹೇಳಲಿಲ್ಲ. ಕೊಟ್ರೇಶ ಪೆಟ್ಟಿಗೆ ಹಿಡಿದು ಬೀದಿಯವರೆಗೂ ಜೊತೆಗೆ ಇಳಿದ. ಅಲ್ಲೊಂದು ಟೆಂಪೋ ಕಾಯುತ್ತಿತ್ತು. ಒಳಗೆ ಹೂವಿನ ಹಾರಗಳಿದ್ದವು. ಇಬ್ಬರು ತಲೆ ತಗ್ಗಿಸಿ ಕೂತಿದ್ದರು.

ಮೇಲೆ ಬಂದಾಗ ಮೇಷ್ಟ್ರು ಉಳಿದ ಹಸಿರುಗಳನ್ನು ಮಡಚುತ್ತಿದ್ದರು. ಕೊಟ್ರೇಶ ಎದುರಿಗೆ ಕೂತು ಇನ್ನೊಂದು ಅಂಚು ಹಿಡಿದ.

"ನಿಮಗೆ ಯಾವಾಗ ತಿಳೀತು ಮೇಷ್ಟ್ರೇ?"

"ಪಕ್ಷಮಾಸದಲ್ಲಿ ಸೀಮಂತ ಯಾರು ಮಾಡ್ತಾರಪ್ಪ?"

"ತಿಳಿದೂ ನನಗೇ ಹೊದಿಸಿದ್ರಾ?"

"ಅವಳು ನಿನ್ನಷ್ಟು ಎತ್ತರ."

ಸೀರೆ ಅರ್ಧ ಮಡಿಕೆಯಾಯಿತು, ಕಾಲು ಮಡಿಕೆಯಾಯಿತು.

"ಸೀಮಂತಕ್ಕಾ ಅಂತ ಕೇಳಿಬಿಟ್ಟೆನಲ್ಲ."

"ಕೇಳಿದೆ."

"ಹೂಂ ಅಂದುಬಿಟ್ಟರು."

"ನೀನು ಅಷ್ಟು ಖುಷಿಯಾಗಿ ಕೇಳಿದ್ದೆ. ಇಲ್ಲ ಅನ್ನೋಕೆ ಅವರಿಗೆ ಮನಸ್ಸು ಬರಲಿಲ್ಲ."

ಕೊಟ್ರೇಶ ಬಹಳ ಹೊತ್ತು ಅಂಗೈಯಿಂದ ಅದೇ ಮಡಿಕೆಯನ್ನು ಸವರಿದ. ಗಾದಿಯ ಬಿಳಿಯ ಮೇಲೆ ಎರಡು ಕೆಸರಿನ ಹೆಜ್ಜೆ ಒಣಗಿದ್ದವು. ಜುಬೇದಾ ಒರೆಸಲು ಬಂದವಳು ನೋಡಿ ಹಾಗೇ ಹಿಂದಕ್ಕೆ ಹೋದಳು.

"ಗೋಡೌನಿಗೆ ಹೋಗ್ತೀನಿ ಅಂದಿದ್ದೆಯಲ್ಲ?" ಎಂದರು ಮೇಷ್ಟ್ರು.

"ಇಲ್ಲ ಮೇಷ್ಟ್ರೇ."

"ಹಾಗಾದ್ರೆ ಈ ಕಡೆ ಬಾ." ಗಾದಿಯ ನಡುವೆ, ತಾವು ನಿಲ್ಲುತ್ತಿದ್ದ ಜಾಗದಿಂದ ಅವರು ಮೆಲ್ಲಗೆ ಸರಿದು ಕೂತರು. ಕೊಟ್ರೇಶ ಹೋಗಿ ಅಲ್ಲಿ ನಿಂತ. ನಿಂತ ಮೇಲೆ ಕೈ ಮತ್ತೆ ಹೆಗಲಿಗೆ ಹೋಯಿತು.

"ಮೇಷ್ಟ್ರೇ, ಒಂದು ಮಾತು. ಸತ್ತವಳ ಸೀರೆ ಹೊದ್ದಿದ್ದೆ. ಮನೆಗೆ ಹೋಗಿ ತಲೆಗೆ ನೀರು ಹಾಕ್ಕೋಬೇಕಾ?"

ಮೇಷ್ಟ್ರು ಮಡಚಿದ ಸೀರೆಯನ್ನು ಅದರ ಜಾಗದಲ್ಲಿ ಇಟ್ಟರು.

"ಅವರು ನೋಡ್ತಾ ಇದ್ದಷ್ಟು ಹೊತ್ತು ಯಾರೂ ಸತ್ತಿರಲಿಲ್ಲ ಕಣಪ್ಪ."